ಕಾಲಿನ ಎವಿ ಫಿಸ್ಟುಲಾ ಸರಿಪಡಿಸಿದ ಮೇಲೂ ಇರುತ್ತದೆ ರಕ್ತ ಹೆಪ್ಪುಗಟ್ಟುವ ಅಪಾಯ: ಏಕೆ, ಎಷ್ಟು ದಿನ, ಗುರುತಿಸುವುದು ಹೇಗೆ?

ಕಾಲಿಗೆ ಚಾಕು ತಗುಲಿಯೋ ಗಾಜಿನ ಚೂರು ಹೊಕ್ಕೋ ಆದ ಗಾಯ ಮೇಲ್ನೋಟಕ್ಕೆ ಮಾಯ್ದಿದೆ. ಹೊಲಿಗೆ ಬಿಚ್ಚಿ ವಾರಗಳು ಕಳೆದಿವೆ. ಆದರೆ ಕಲೆಯ ಮೇಲೆ ಅಂಗೈ ಇಟ್ಟರೆ ಒಳಗೆ ಏನೋ ಝುಮ್ಮೆಂದು ಕಂಪಿಸುತ್ತದೆ. ವೈದ್ಯರು ಸ್ಟೆತಸ್ಕೋಪ್ ಇಟ್ಟು ಕೇಳಿದರೆ ಯಂತ್ರ ಓಡುತ್ತಿರುವಂತಹ ಬಿಡುವಿಲ್ಲದ ಸದ್ದು. ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ, ಚರ್ಮದ ಕೆಳಗಿನ ರಕ್ತನಾಳಗಳು ಉಬ್ಬಿ ಕಾಣುತ್ತವೆ. ಇವು ಆರ್ಟೀರಿಯೊವೀನಸ್ ಫಿಸ್ಟುಲಾ, ಚಿಕ್ಕದಾಗಿ ಎವಿ ಫಿಸ್ಟುಲಾ ಎಂಬ ತೊಂದರೆಯ ಲಕ್ಷಣಗಳು.

ಶಸ್ತ್ರಚಿಕಿತ್ಸೆ ಮಾಡಿ ಇದನ್ನು ಮುಚ್ಚಿದರೆ ಸದ್ದು ನಿಲ್ಲುತ್ತದೆ. ರೋಗಿಯೂ ಮನೆಯವರೂ ನಿಟ್ಟುಸಿರು ಬಿಡುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟುವ ಅಪಾಯದ ಮಟ್ಟಿಗೆ ಎಚ್ಚರ ಹೆಚ್ಚು ಬೇಕಾಗುವುದೇ ಆ ನಂತರದ ವಾರಗಳಲ್ಲಿ.

ಏನಿದು ಎವಿ ಫಿಸ್ಟುಲಾ?

ಹೃದಯದಿಂದ ಕಾಲಿಗೆ ರಕ್ತ ಒಯ್ಯುವುದು ಅಪಧಮನಿ. ಕಾಲಿನಿಂದ ಹೃದಯಕ್ಕೆ ವಾಪಸ್ ತರುವುದು ಅಭಿಧಮನಿ. ಎರಡು ಹೆಸರುಗಳೂ ಕಿವಿಗೆ ಒಂದೇ ಥರ ಕೇಳಿಸುವುದರಿಂದ ಈ ಲೇಖನದಲ್ಲಿ ಅಭಿಧಮನಿಯನ್ನು ಸಿರೆ ಎಂದೇ ಕರೆಯೋಣ. ಆಡುಮಾತಿನಲ್ಲಿ ಇದನ್ನೇ ನಾವು 'ನರ' ಎನ್ನುತ್ತೇವೆ, ಆದರೆ ವೈದ್ಯರ ಲೆಕ್ಕದಲ್ಲಿ ನರವೇ ಬೇರೆ.

ಅಪಧಮನಿಯಲ್ಲಿ ಒತ್ತಡ ಹೆಚ್ಚು, ಗೋಡೆ ದಪ್ಪ. ಸಿರೆಯಲ್ಲಿ ಒತ್ತಡ ಕಡಿಮೆ, ಗೋಡೆ ತೆಳು. ಕಾಲಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಒಂದೇ ಪೆಟ್ಟಿಗೆ ಎರಡಕ್ಕೂ ತೂತು ಬಿದ್ದು, ಆ ತೂತುಗಳು ಒಂದಕ್ಕೊಂದು ಕೂಡಿಕೊಂಡರೆ ಮಧ್ಯೆ ಅಡ್ಡದಾರಿ ಉಂಟಾಗುತ್ತದೆ. ಪಾದದವರೆಗೆ ಹೋಗಬೇಕಾದ ರಕ್ತ ನಡುವೆಯೇ ಸಿರೆಗೆ ನುಗ್ಗಿ ಹೃದಯಕ್ಕೆ ಮರಳುತ್ತದೆ. ಇದೇ ಫಿಸ್ಟುಲಾ.

ಗುಂಡೇಟು, ಇರಿತ, ಸಿಡಿದ ಲೋಹದ ಚೂರು, ಮೂಳೆ ಮುರಿದಾಗ ಅದರ ಚೂಪು ತುದಿ, ಮೂಳೆಗೆ ಹಾಕುವ ಸ್ಕ್ರೂ, ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಆಸ್ಪತ್ರೆಯ ಸೂಜಿಯೂ ಕಾರಣವಾಗುತ್ತದೆ. ಹೃದಯದ ಆ್ಯಂಜಿಯೋಗ್ರಾಂಗಾಗಿ ತೊಡೆಸಂದಿನಲ್ಲಿ ಸೂಜಿ ಚುಚ್ಚುವಾಗ ಅದು ಸಿರೆಯನ್ನೂ ದಾಟಿ ಹೋದರೆ ಸಣ್ಣ ಫಿಸ್ಟುಲಾ ಉಳಿಯಬಹುದು. ಜರ್ಮನಿಯಲ್ಲಿ 10,271 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 88 ಮಂದಿಯಲ್ಲಿ, ಅಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಇದು ಕಂಡುಬಂದಿತ್ತು. ಅವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಫಿಸ್ಟುಲಾಗಳು ವರ್ಷದೊಳಗೆ ತಾವಾಗಿಯೇ ಮುಚ್ಚಿಕೊಂಡವು. ಹಾಗಾಗಿ ಸಣ್ಣ ಫಿಸ್ಟುಲಾ ಕಂಡ ಕೂಡಲೇ ಎಲ್ಲರಿಗೂ ಆಪರೇಷನ್ ಮಾಡುವುದಿಲ್ಲ. ದೊಡ್ಡದಿದ್ದು ಕಾಲು ಊದುತ್ತಿದ್ದರೆ, ಪಾದಕ್ಕೆ ರಕ್ತ ಸಾಲದಿದ್ದರೆ ಅಥವಾ ಹೃದಯಕ್ಕೆ ಭಾರವಾಗುತ್ತಿದ್ದರೆ ಮುಚ್ಚಲೇಬೇಕು.

ಕಿಡ್ನಿ ಡಯಾಲಿಸಿಸ್ ರೋಗಿಗಳ ಕೈಯಲ್ಲಿ ವೈದ್ಯರು ಬೇಕೆಂದೇ ಮಾಡುವ ಫಿಸ್ಟುಲಾ ಅನೇಕರಿಗೆ ಗೊತ್ತಿರುತ್ತದೆ. 1966ರಿಂದ ಬಳಕೆಯಲ್ಲಿರುವ ಆ ವಿಧಾನದ ತತ್ವವೂ ಇದೇ: ಅಪಧಮನಿಯ ರಭಸಕ್ಕೆ ಸಿರೆ ಹಿಗ್ಗಿ ದಪ್ಪವಾಗುತ್ತದೆ, ಸೂಜಿ ಚುಚ್ಚಲು ಸುಲಭವಾಗುತ್ತದೆ. ಕಾಲಿನಲ್ಲಿ ಪೆಟ್ಟಿನಿಂದಾದ ಫಿಸ್ಟುಲಾದಲ್ಲಿ ಅದೇ ಹಿಗ್ಗುವಿಕೆ ಯಾರಿಗೂ ಬೇಡದ ಕಡೆ, ಹತೋಟಿಯಿಲ್ಲದೆ ನಡೆಯುತ್ತದೆ.

ಮುಚ್ಚಿದ ಮೇಲೆ ಹೆಪ್ಪುಗಟ್ಟುವುದೇಕೆ?

ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳಿವೆ. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಗಾಯವಾಗುವುದು, ರಕ್ತವೇ ಹೆಪ್ಪುಗಟ್ಟುವ ಸ್ವಭಾವಕ್ಕೆ ತಿರುಗುವುದು. 19ನೇ ಶತಮಾನದ ಜರ್ಮನ್ ವಿಜ್ಞಾನಿ ರುಡಾಲ್ಫ್ ಫಿರ್ಕೋ ಹೆಸರಿನಲ್ಲಿ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಕಲಿಯುವ ಪಾಠವಿದು. ಮೂರರಲ್ಲಿ ಒಂದಿದ್ದರೂ ಎಚ್ಚರ ಬೇಕು. ಕಾಲಿನ ಫಿಸ್ಟುಲಾ ಸರಿಪಡಿಸಿದವರಲ್ಲಿ ಸಾಮಾನ್ಯವಾಗಿ ಮೂರೂ ಒಟ್ಟಿಗೆ ಇರುತ್ತವೆ.

ಹರಿವಿನ ವಿಷಯ ಮೊದಲು. ಫಿಸ್ಟುಲಾ ತೆರೆದಿರುವಷ್ಟು ದಿನ ಸಿರೆಯಲ್ಲಿ ರಕ್ತ ಭೋರ್ಗರೆಯುತ್ತಿರುತ್ತದೆ. ತಿಂಗಳು ಅಥವಾ ವರ್ಷಗಟ್ಟಲೆ ಹೀಗಾದರೆ ಸಿರೆ ಅಗಲವಾಗುತ್ತದೆ, ಅಂಕುಡೊಂಕಾಗುತ್ತದೆ. ರಕ್ತ ಕೆಳಕ್ಕೆ ಇಳಿಯದಂತೆ ತಡೆಯುವ ಕವಾಟಗಳು ಒಂದಕ್ಕೊಂದು ಕೂಡದಷ್ಟು ದೂರವಾಗುತ್ತವೆ. ಆಪರೇಷನ್ ದಿನ ಈ ರಭಸ ಒಮ್ಮೆಲೇ ನಿಲ್ಲುತ್ತದೆ. ಆದರೆ ಸಿರೆಯ ಅಗಲ ಅಂದೇ ಕಡಿಮೆಯಾಗುವುದಿಲ್ಲ. ಮಳೆಗಾಲದ ನೆರೆಗೆ ಅಗಲವಾದ ಹಳ್ಳದಲ್ಲಿ ಬೇಸಿಗೆಯ ನೀರು ಅಲ್ಲಲ್ಲಿ ಮಡುಗಟ್ಟಿ ನಿಲ್ಲುವಂತೆ, ದೊಡ್ಡ ಸಿರೆಯಲ್ಲಿ ಸ್ವಲ್ಪವೇ ರಕ್ತ ನಿಧಾನವಾಗಿ ತೆವಳುತ್ತದೆ. ಜತೆಗೆ ರೋಗಿ ಹಾಸಿಗೆ ಹಿಡಿದಿರುತ್ತಾರೆ. ನಡೆಯುವಾಗ ರಕ್ತವನ್ನು ಮೇಲಕ್ಕೆ ಒತ್ತುವ ಮೀನಖಂಡದ ಸ್ನಾಯುಗಳಿಗೂ ಆಗ ಕೆಲಸವಿರುವುದಿಲ್ಲ.

ಎರಡನೆಯದು ಗೋಡೆಯ ಗಾಯ. ಫಿಸ್ಟುಲಾ ಬಿಡಿಸುವಾಗ ಸಿರೆಯ ತೂತನ್ನೂ ಹೊಲಿಯಬೇಕು. ಸಣ್ಣ ತೂತಾದರೆ ನೇರ ಹೊಲಿಗೆ ಸಾಕು. ದೊಡ್ಡದಾದರೆ ತೇಪೆ ಹಾಕಬೇಕು ಅಥವಾ ಹಾಳಾದ ಭಾಗ ತೆಗೆದು ಬೇರೆ ನಾಳದ ತುಂಡನ್ನು ಕೂಡಿಸಬೇಕು. ಆ ತುಂಡನ್ನು ಸಾಮಾನ್ಯವಾಗಿ ಪೆಟ್ಟಾಗದ ಇನ್ನೊಂದು ಕಾಲಿನ ಚರ್ಮದಡಿಯ ಸಿರೆಯಿಂದ ತೆಗೆಯುತ್ತಾರೆ. ಗಾಯದ ಕಾಲಿನಲ್ಲಿ ಆಳದ ಸಿರೆ ಮುಚ್ಚಿಹೋದರೆ ರಕ್ತ ಮರಳಲು ಆ ಮೇಲಿನ ಸಿರೆಯೇ ಆಸರೆ ಎಂಬುದು ಕಾರಣ. 'ಪೆಟ್ಟಾಗಿದ್ದು ಬಲಗಾಲಿಗೆ, ಎಡಗಾಲು ಏಕೆ ಕೊಯ್ದರು' ಎಂಬ ಮನೆಯವರ ಪ್ರಶ್ನೆಗೆ ಉತ್ತರವೂ ಇದೇ. ಹೇಗೇ ಹೊಲಿದರೂ ದಾರ ಹಾಯ್ದ ಜಾಗ ಒರಟಾಗಿರುತ್ತದೆ. ಅಪಧಮನಿಯ ರಭಸ ಇಂಥ ಒರಟನ್ನು ತಡೆದುಕೊಳ್ಳುತ್ತದೆ, ಸಿರೆಯ ಮಂದಗತಿಗೆ ಅದು ಕಷ್ಟ. ಹೊಲಿದ ಸಿರೆಗಳಲ್ಲಿ ಗಣನೀಯ ಪಾಲು ಮೊದಲ ಕೆಲವು ವಾರಗಳಲ್ಲೇ ಹೆಪ್ಪಿನಿಂದ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸಿರೆಗಳಲ್ಲಿ ಹೆಪ್ಪು ಕರಗಿ ದಾರಿ ಮತ್ತೆ ತೆರೆದುಕೊಳ್ಳುವುದೂ ಉಂಟು.

ಮೂರನೆಯದು ರಕ್ತದ ಸ್ವಭಾವ. ದೊಡ್ಡ ಪೆಟ್ಟು, ದೊಡ್ಡ ಆಪರೇಷನ್, ರಕ್ತ ಕೊಡಿಸುವಿಕೆ ಇವುಗಳ ನಂತರ ಗಾಯ ಮುಚ್ಚಲೆಂದು ದೇಹವೇ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಳ್ಳುತ್ತದೆ.

ಹೀಗೆ ಆಳದ ಸಿರೆಯಲ್ಲಿ ಕೂರುವ ಹೆಪ್ಪನ್ನು ಡೀಪ್ ವೀನ್ ಥ್ರಾಂಬೋಸಿಸ್, ಅಂದರೆ ಡಿವಿಟಿ ಎನ್ನುತ್ತಾರೆ. ಅದರ ತುಂಡು ಕಳಚಿ ಮೇಲೇರಿದರೆ ಹೃದಯದ ಬಲಭಾಗ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ಪಲ್ಮನರಿ ಎಂಬಾಲಿಸಂ. ಇದು ದೊಡ್ಡದಾಗಿದ್ದರೆ ನಿಮಿಷಗಳಲ್ಲಿ ಜೀವ ಹೋಗಬಹುದು.

ಸಿರೆ ಕಟ್ಟುವುದೋ, ಹೊಲಿಯುವುದೋ? ಯುದ್ಧಗಳು ಕಲಿಸಿದ್ದು

ಈ ತೊಂದರೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಲಂಡನ್‌ನ ವಿಲಿಯಂ ಹಂಟರ್, 1757ರಲ್ಲಿ. ಮೊಣಕೈ ಬಳಿ ಸಿರೆ ಕೊಯ್ದು ರಕ್ತ ಹರಿಸುವ ಅಂದಿನ ಚಿಕಿತ್ಸೆಯಲ್ಲಿ ಕೆಳಗಿನ ಅಪಧಮನಿಗೂ ಕತ್ತಿ ತಗುಲಿ ಫಿಸ್ಟುಲಾ ಆಗುತ್ತಿತ್ತು. ಕಾಲಿನ ಫಿಸ್ಟುಲಾಗಳ ಬಗ್ಗೆ ಹೆಚ್ಚಿನ ತಿಳಿವಳಿಕೆ ಬಂದಿದ್ದು ಮಾತ್ರ ಯುದ್ಧಭೂಮಿಯಿಂದ.

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಶಸ್ತ್ರಚಿಕಿತ್ಸಕ ಜಾರ್ಜ್ ಮಾಕಿನ್ಸ್, ದೊಡ್ಡ ಅಪಧಮನಿಯನ್ನು ಕಟ್ಟಬೇಕಾಗಿ ಬಂದರೆ ಪಕ್ಕದ ಸಿರೆಯನ್ನೂ ಕಟ್ಟುವುದೇ ಲೇಸು ಎಂದು ಹೇಳಿದ್ದರು. ಎರಡನೇ ಮಹಾಯುದ್ಧದಲ್ಲೂ ನಾಳಗಳನ್ನು ಕಟ್ಟುವುದೇ ಮುಖ್ಯ ಚಿಕಿತ್ಸೆ. ಮೊಣಕಾಲಿನ ಹಿಂಬದಿಯ ಅಪಧಮನಿಗೆ ಪೆಟ್ಟಾದ ಅಮೆರಿಕನ್ ಸೈನಿಕರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಆಗ ಕಾಲು ಕಳೆದುಕೊಂಡರು. ಕೊರಿಯಾ ಯುದ್ಧದ ಹೊತ್ತಿಗೆ ಅಪಧಮನಿಯನ್ನು ಹೊಲಿಯುವುದು ರೂಢಿಗೆ ಬಂತು, ಕಾಲು ಕತ್ತರಿಸಬೇಕಾಗುವ ಪ್ರಮಾಣ ಬಹಳಷ್ಟು ಇಳಿಯಿತು. ಆದರೆ ಸಿರೆಯ ವಿಷಯದಲ್ಲಿ ಹಿಂಜರಿಕೆ ಉಳಿದೇ ಇತ್ತು. ಹೊಲಿದರೆ ಅಲ್ಲಿ ಹೆಪ್ಪು ಕೂತು ಶ್ವಾಸಕೋಶಕ್ಕೆ ಹಾರುತ್ತದೆ, ಅದಕ್ಕಿಂತ ಕಟ್ಟಿಬಿಡುವುದೇ ಕ್ಷೇಮ ಎಂಬ ಭಯ ಅದಕ್ಕೆ ಕಾರಣ.

ಈ ಭಯ ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡಿದವರು ಅಮೆರಿಕದ ಸೇನಾ ವೈದ್ಯ ನಾರ್ಮನ್ ರಿಚ್. ವಿಯೆಟ್ನಾಂನಲ್ಲಿ ಕೆಲಸ ಮಾಡಿ ಬಂದ ಅವರು 1966ರಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ರಕ್ತನಾಳದ ಗಾಯಗಳ ದಾಖಲಾತಿ ಆರಂಭಿಸಿದರು. ಸೈನಿಕರು ಊರಿಗೆ ಮರಳಿದ ನಂತರವೂ ಅವರ ಸ್ಥಿತಿಯನ್ನು ಗಮನಿಸುತ್ತಾ ಹೋದರು. ಫಿಸ್ಟುಲಾ ಮತ್ತು ಅಪಧಮನಿಯ ಗೋಡೆ ಬಿರಿದು ಆಗುವ ರಕ್ತದ ಉಬ್ಬುಗಳು ಸೇರಿ 558 ಗಾಯಗಳ ವಿವರ 1975ರಲ್ಲಿ ಪ್ರಕಟವಾಯಿತು. ಮರುವರ್ಷ ಅವರ ತಂಡ ಮೊಣಕಾಲಿನ ಹಿಂಬದಿಯ ಸಿರೆಗೆ ಮಾತ್ರ ಪೆಟ್ಟಾದ 110 ಮಂದಿಯನ್ನು ಹೋಲಿಸಿ ನೋಡಿತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಿರೆಯನ್ನು ಕಟ್ಟಲಾಗಿತ್ತು, ಉಳಿದವರಿಗೆ ಹೊಲಿಯಲಾಗಿತ್ತು. ಕಟ್ಟಿದವರಲ್ಲಿ ಅರ್ಧದಷ್ಟು ಜನರಿಗೆ ಕಾಲು ಊತ ಉಳಿದಿತ್ತು. ಹೊಲಿದವರಲ್ಲಿ ಅದು ಸುಮಾರು ಶೇ 13. ಹೊಲಿದವರಿಗೆ ಶ್ವಾಸಕೋಶದ ಹೆಪ್ಪು ಹೆಚ್ಚಾಗುತ್ತದೆ ಎಂಬ ಭಯಕ್ಕೆ ಆ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ.

ಈ ಅಂಕಿಗಳನ್ನು ಓದುವಾಗ ಒಂದು ಮಾತು ನೆನಪಿಡಬೇಕು. ಅವರೆಲ್ಲ ಗಟ್ಟಿಮುಟ್ಟಾದ ಯುವ ಸೈನಿಕರು. ಇಂದು ಆ್ಯಂಜಿಯೋಗ್ರಾಂ ನಂತರ ಫಿಸ್ಟುಲಾ ಆಗುವ ರೋಗಿ ಹೆಚ್ಚಾಗಿ ವಯಸ್ಸಾದವರು, ಹೃದ್ರೋಗ ಇದ್ದವರು. ಬೈಕ್ ಅಪಘಾತದಲ್ಲಿ ತೊಡೆಮೂಳೆ ಮುರಿದು ವಾರಗಟ್ಟಲೆ ಮಲಗಿದವರ ಸ್ಥಿತಿಯೂ ಬೇರೆ. ಆದ್ದರಿಂದ ಸಿರೆಯನ್ನು ಹೊಲಿಯಲು ಹೆದರಬೇಕಿಲ್ಲ ಎಂಬುದಷ್ಟೇ ಆ ಅಧ್ಯಯನದ ಪಾಠ. ಹೆಪ್ಪಿನ ಭಯವೇ ಬೇಡ ಎಂದು ಅದು ಹೇಳುವುದಿಲ್ಲ. ರೋಗಿಯ ಜೀವವೇ ಅಪಾಯದಲ್ಲಿದ್ದಾಗ, ರಕ್ತಸ್ರಾವ ನಿಲ್ಲಿಸಲು ಸಿರೆಯನ್ನು ಕಟ್ಟಿಬಿಡುವುದು ಇಂದಿಗೂ ಸರಿಯಾದ ನಿರ್ಧಾರವೇ.

ಈಗ ಅನೇಕ ಫಿಸ್ಟುಲಾಗಳನ್ನು ಕೊಯ್ಯದೆಯೇ, ಅಪಧಮನಿಯೊಳಗೆ ಬಟ್ಟೆಯಂಥ ಹೊದಿಕೆ ಇರುವ ಸ್ಟೆಂಟ್ ಕೂರಿಸಿ ಮುಚ್ಚಲಾಗುತ್ತದೆ. ಇದರಲ್ಲಿ ಸಿರೆಗೆ ಹೊಲಿಗೆ ಬೀಳುವುದಿಲ್ಲ, ರೋಗಿ ಬೇಗ ಎದ್ದು ಓಡಾಡಬಹುದು. ಆದರೆ ಹಿಗ್ಗಿದ ಸಿರೆ ಒಳಗೆ ಹಾಗೆಯೇ ಇರುತ್ತದೆ, ರಭಸ ಒಮ್ಮೆಲೇ ನಿಲ್ಲುವುದೂ ತಪ್ಪುವುದಿಲ್ಲ. ಸ್ಟೆಂಟ್ ಒಳಗೇ ಹೆಪ್ಪು ಕೂರುವುದು ಇಲ್ಲಿನ ಹೊಸ ಚಿಂತೆ. ತೊಡೆಸಂದು, ಮೊಣಕಾಲಿನಂತಹ ಮಡಚುವ ಜಾಗಗಳಲ್ಲಿ ಅದು ಹೆಚ್ಚು.

ಲಕ್ಷಣವೇ ಇಲ್ಲದ ಹೆಪ್ಪು

ಕೆನಡಾದ ಟೊರೊಂಟೊದಲ್ಲಿ ತೀವ್ರ ಗಾಯಗೊಂಡಿದ್ದ, ಹೆಪ್ಪು ತಡೆಯುವ ಔಷಧ ಪಡೆಯದಿದ್ದ 349 ಮಂದಿಯ ಕಾಲಿನ ಸಿರೆಗಳನ್ನು ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆದು ನೋಡಲಾಯಿತು. 1994ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 201 ಮಂದಿಯಲ್ಲಿ, ಅಂದರೆ ಶೇ 58ರಷ್ಟು ಜನರಲ್ಲಿ ಡಿವಿಟಿ ಇತ್ತು. ಅದಕ್ಕಿಂತ ಬೆಚ್ಚಿಬೀಳಿಸುವ ಸಂಗತಿ ಮುಂದಿನದು: ಆ 201 ಮಂದಿಯಲ್ಲಿ ಪರೀಕ್ಷೆಗೆ ಮೊದಲು ಡಿವಿಟಿಯ ಸಂಶಯ ಹುಟ್ಟಿಸುವ ಲಕ್ಷಣ ಇದ್ದುದು ಮೂವರಲ್ಲಿ ಮಾತ್ರ. ವಯಸ್ಸು, ರಕ್ತ ಪಡೆದದ್ದು, ಶಸ್ತ್ರಚಿಕಿತ್ಸೆ, ತೊಡೆ ಅಥವಾ ಮೊಣಕಾಲಿನ ಕೆಳಗಿನ ಮೂಳೆ ಮುರಿತ, ಬೆನ್ನುಹುರಿಯ ಪೆಟ್ಟು ಇವು ಅಪಾಯ ಹೆಚ್ಚಿಸಿದ ಅಂಶಗಳು. ಇದು ಎಲ್ಲ ಬಗೆಯ ಗಾಯಾಳುಗಳ ಲೆಕ್ಕ, ಫಿಸ್ಟುಲಾ ರೋಗಿಗಳದ್ದಷ್ಟೇ ಅಲ್ಲ. ಆದರೂ ಕಾಲು ನೋಡಿ 'ಏನೂ ಇಲ್ಲ' ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಇದರಿಂದ ಗೊತ್ತಾಗುತ್ತದೆ.

ಫಿಸ್ಟುಲಾ ರೋಗಿಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಆಪರೇಷನ್‌ಗೆ ಮೊದಲೇ ಕಾಲು ಊದಿರುತ್ತದೆ. ಆಪರೇಷನ್ ಆದ ಮೇಲೂ ಕೆಲವು ದಿನ ಊತ ಸಹಜ. ಹಾಗಾಗಿ ಊತ ಇದೆಯೇ ಎಂಬುದಕ್ಕಿಂತ ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದು ಮುಖ್ಯ. ದಿನದಿಂದ ದಿನಕ್ಕೆ ಇಳಿಯುತ್ತಿದ್ದ ಊತ ಮತ್ತೆ ಏರಿದರೆ, ಕಾಲು ಮೇಲೆತ್ತಿ ಮಲಗಿದರೂ ಇಳಿಯದಿದ್ದರೆ, ಮೀನಖಂಡ ಬಿಗಿದು ನೋಯುತ್ತಿದ್ದರೆ, ಚರ್ಮ ಬಿಸಿಯಾಗಿ ಕೆಂಪು ಅಥವಾ ನೀಲಿ ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಎರಡೂ ಕಾಲಿನ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡುವುದು ಖರ್ಚಿಲ್ಲದ ಉಪಾಯ.

ಡಿ-ಡೈಮರ್ ಎಂಬ ರಕ್ತ ಪರೀಕ್ಷೆ ಆಪರೇಷನ್ ಆದ ಹೊಸತರಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು, ಏಕೆಂದರೆ ಗಾಯ ಮಾಯುವಾಗ ಹೇಗೂ ಅದು ಏರಿರುತ್ತದೆ. ನಂಬಬಹುದಾದ ಪರೀಕ್ಷೆ ಡಾಪ್ಲರ್ ಸ್ಕ್ಯಾನ್. ಆಪರೇಷನ್‌ಗೆ ಮುನ್ನ, ನಂತರ, ಮತ್ತೆ ಕೆಲವು ವಾರ ಬಿಟ್ಟು ಈ ಸ್ಕ್ಯಾನ್ ಮಾಡಿಸಿದ್ದರೆ ಹೋಲಿಸಿ ನೋಡಲು ಸುಲಭ. ಎದೆಯಲ್ಲಿ ಹೆಪ್ಪಿನ ಶಂಕೆ ಬಂದರೆ ಸಿಟಿ ಆ್ಯಂಜಿಯೋಗ್ರಾಂ ಬೇಕಾಗುತ್ತದೆ.

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಆಳವಾಗಿ ಉಸಿರೆಳೆದಾಗ ಎದೆನೋವು, ಕೆಮ್ಮಿದಾಗ ರಕ್ತ, ಎದೆಬಡಿತ ಜೋರಾಗುವುದು, ತಲೆಸುತ್ತಿ ಬೀಳುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. 112 ಅಥವಾ 108ಕ್ಕೆ ಕರೆ ಮಾಡಿ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಅಪಧಮನಿಯಲ್ಲಿ ಹೆಪ್ಪು ಕೂತರೆ ಚಿತ್ರಣವೇ ಬೇರೆ. ಕಾಲು ಊದುವುದಿಲ್ಲ. ಬದಲಿಗೆ ಪಾದ ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಬೆರಳು ಆಡಿಸಲು ಆಗುವುದಿಲ್ಲ, ನೋವು ತಡೆಯಲಾಗುವುದಿಲ್ಲ. ಇಲ್ಲಿ ಸಮಯ ಬಹಳ ಕಡಿಮೆ. ಸುಮಾರು ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯದಿದ್ದರೆ ಕಾಲು ಉಳಿಸುವುದು ಕಷ್ಟವಾಗುತ್ತಾ ಹೋಗುತ್ತದೆ.

'ರಕ್ತ ತೆಳುವಾಗಿಸುವ ಮಾತ್ರೆ' ಒಂದೇ ಅಲ್ಲ

ಹೆಪ್ಪು ತಡೆಯಲು ಔಷಧವಿದೆ. ತೊಡಕೆಂದರೆ ಅದೇ ಔಷಧ ಹೊಸ ಹೊಲಿಗೆಯಿಂದ ರಕ್ತ ಸೋರುವಂತೆಯೂ ಮಾಡಬಹುದು. ಅಪಘಾತದಲ್ಲಿ ತಲೆಗೆ ಅಥವಾ ಹೊಟ್ಟೆಯೊಳಗೆ ಪೆಟ್ಟಾಗಿದ್ದರೆ ವೈದ್ಯರು ಕೆಲವು ದಿನ ಕಾಯುತ್ತಾರೆ. ಆ ಮಧ್ಯೆ ಚೆನ್ನಾಗಿರುವ ಕಾಲಿಗೆ ಗಾಳಿ ತುಂಬಿ ಒತ್ತುವ ಪಟ್ಟಿ ಹಾಕುವುದುಂಟು. ಔಷಧ ಕೊಡಲು ಸಾಧ್ಯವೇ ಇಲ್ಲದೆ ಆಳದ ಸಿರೆಯಲ್ಲಿ ಹೆಪ್ಪು ಕಂಡರೆ, ಅದು ಮೇಲೇರದಂತೆ ಹೊಟ್ಟೆಯ ದೊಡ್ಡ ಸಿರೆಯಲ್ಲಿ ಜರಡಿಯಂಥ ಫಿಲ್ಟರ್ ಕೂರಿಸುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬಹುದಾದ ಫಿಲ್ಟರ್‌ಗಳೇ ಹೆಚ್ಚು ಬಳಕೆಯಲ್ಲಿವೆ. ಯಾವಾಗ ತೆಗೆಯುತ್ತಾರೆ ಎಂದು ಕೇಳಿಕೊಳ್ಳಬೇಕಾದ್ದು ಅದಕ್ಕೇ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮುಖ್ಯವಾಗಿ ಅಪಧಮನಿ ಮತ್ತು ಸ್ಟೆಂಟ್‌ನಲ್ಲಿ ಹೆಪ್ಪು ಕೂರದಂತೆ ತಡೆಯುತ್ತವೆ. ಹೆಪಾರಿನ್, ಎನೊಕ್ಸಪ್ಯಾರಿನ್ ಇಂಜೆಕ್ಷನ್, ವಾರ್ಫರಿನ್, ರಿವರೊಕ್ಸಬಾನ್, ಎಪಿಕ್ಸಬಾನ್ ಸಿರೆಯ ಹೆಪ್ಪಿಗೆ ಕೊಡುವ ಔಷಧಗಳು. ಎರಡನ್ನೂ ಜನ 'ರಕ್ತ ತೆಳುವಾಗಿಸುವ ಮಾತ್ರೆ' ಎಂದೇ ಕರೆಯುವುದರಿಂದ ಎಡವಟ್ಟಾಗುತ್ತದೆ. ಆಸ್ಪಿರಿನ್ ಹೇಗೂ ನಡೆಯುತ್ತಿದೆ ಎಂದು ಇನ್ನೊಂದನ್ನು ತಾವಾಗಿ ನಿಲ್ಲಿಸುವವರಿದ್ದಾರೆ. ಮುನ್ನೆಚ್ಚರಿಕೆಯಾಗಿ ಕೊಡುವ ಔಷಧ ಎಷ್ಟು ದಿನ ಎಂಬುದು ಗಾಯದ ಮೇಲೆ ಅವಲಂಬಿತ. ಡಿವಿಟಿ ಆಗಿದ್ದೇ ಖಚಿತವಾದರೆ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಹೆಪ್ಪಿನ ಅಪಾಯ ಸುಮಾರು 12 ವಾರಗಳವರೆಗೆ ಮಾಮೂಲಿಗಿಂತ ಹೆಚ್ಚಿರುತ್ತದೆ ಎಂಬುದು ಬ್ರಿಟನ್‌ನ ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಕಂಡುಬಂದಿದೆ. ಮೂರನೇ ವಾರದ ಸುಮಾರಿಗೆ ಅದು ತುತ್ತತುದಿಯಲ್ಲಿತ್ತು. ಅಂದರೆ ಬಹುತೇಕರು ಮನೆಗೆ ಬಂದು, ಚೇತರಿಸಿಕೊಂಡೆವು ಎಂದುಕೊಳ್ಳುವ ಹೊತ್ತಿಗೆ.

ವಾರ್ಫರಿನ್ ತೆಗೆದುಕೊಳ್ಳುವವರು ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು. ಪಾಲಕ್, ನುಗ್ಗೆಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನೇ ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸಾಕು. ಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ನುಂಗಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಊದಿದ ಕಾಲಿಗೆ ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳಲ್ಲಿ ಅಕ್ಕರೆಯ ಕೆಲಸ. ಡಿವಿಟಿ ಇಲ್ಲವೆಂದು ಸ್ಕ್ಯಾನ್‌ನಲ್ಲಿ ಗೊತ್ತಾಗುವವರೆಗೆ ಅದು ಬೇಡ, ಒತ್ತಡಕ್ಕೆ ಹೆಪ್ಪು ಕಳಚಬಹುದು.

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿ ಆಪರೇಷನ್ ಮಾಡಿಸಿಕೊಂಡು ವಿಶ್ರಾಂತಿಗೆಂದು ಊರಿನ ಬಸ್ ಹತ್ತುವವರು ಹೊರಡುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಆಡಿಸದೆ ಕೂರುವುದೇ ಹೆಪ್ಪಿಗೆ ದಾರಿ. ಹೋಗಲೇಬೇಕಾದರೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಬಸ್ ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಬೇಕು, ನೀರು ಕುಡಿಯಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಔಷಧ, ಎಷ್ಟು ದಿನ, ಸಿರೆಯನ್ನು ಹೊಲಿದಿದ್ದಾರೋ ಕಟ್ಟಿದ್ದಾರೋ, ಮುಂದಿನ ಡಾಪ್ಲರ್ ಯಾವಾಗ ಎಂಬುದು ಬರೆದಿದೆಯೇ ನೋಡಿಕೊಳ್ಳಬೇಕು. ಊರಿನ ವೈದ್ಯರಿಗೆ ಮೊದಲು ಬೇಕಾಗುವುದು ಅದೇ ಮಾಹಿತಿ.

ಹೆಪ್ಪು ಕರಗಿದ ಮೇಲೂ ಕೆಲವರಿಗೆ ಕಾಲಿನ ತೊಂದರೆ ಉಳಿಯುತ್ತದೆ. ಡಿವಿಟಿ ಆದವರಲ್ಲಿ ಶೇ 20ರಿಂದ 50ರಷ್ಟು ಮಂದಿಗೆ ಕಾಲು ಭಾರ, ಸಂಜೆಯ ಊತ, ಕಣಕಾಲಿನ ಬಳಿ ಚರ್ಮ ಕಪ್ಪಾಗುವುದು, ಕೆಲವೊಮ್ಮೆ ಮಾಯದ ಹುಣ್ಣು ಕಾಣಿಸಿಕೊಳ್ಳುತ್ತದೆ. ಫಿಸ್ಟುಲಾದಿಂದ ಕವಾಟಗಳು ಮೊದಲೇ ಹಾಳಾಗಿದ್ದರೆ ಕಾಲಿಗೆ ಎರಡೂ ಕಡೆಯಿಂದ ಹೊರೆ. ಬಿಗಿಯಾದ ಸ್ಟಾಕಿಂಗ್ಸ್ ಕೆಲವರಿಗೆ ಅನುಕೂಲ. ಆದರೆ ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆ ಎಂದು ಖಚಿತವಾದ ನಂತರವೇ ಅದನ್ನು ಹಾಕಬೇಕು. ಹಳೆಯ ಫಿಸ್ಟುಲಾ ಇದ್ದವರಲ್ಲಿ ಮೇಲ್ಭಾಗದ ಅಪಧಮನಿಯೂ ಹಿಗ್ಗಿದ್ದು, ರಿಪೇರಿಯಾದ ವರ್ಷಗಳ ನಂತರ ಉಬ್ಬಿಕೊಳ್ಳುವುದುಂಟು. ಹಾಗಾಗಿ ಕಾಲು ಪೂರ್ತಿ ಚೆನ್ನಾಗಿದೆ ಎನಿಸಿದರೂ ವೈದ್ಯರು ಆಗಾಗ ಸ್ಕ್ಯಾನ್‌ಗೆ ಬರಹೇಳುತ್ತಾರೆ.